ಸಿಸ್ಟರಮ್ಮನಿಗೆ ಬೀಗದ ಗುರುತು

ಸಿಸ್ಟರಮ್ಮ ಚುನಾವಣೆಗೆ ನಿಂತಾಗ ಮೊದಲು ನಕ್ಕವನು ಅವಳ ಗಂಡನೇ. ಬಸ್ಸು ರಿಪೇರಿ ಮಾಡುವ ಮನುಷ್ಯ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಅಂಥವನು ನಕ್ಕನೆಂದರೆ ನೀವೇ ಲೆಕ್ಕ ಹಾಕಿಕೊಳ್ಳಿ. ಆಮೇಲೆ ಅವಳ ಪೋಸ್ಟರುಗಳನ್ನು ಗೋಡೆಗೆ ಅಂಟಿಸಿದವನೂ ಅವನೇ ಅನ್ನಿ. ಒಂದೊಂದರ ಮೇಲೂ ಗ್ರೀಸಿನ ಹೆಬ್ಬೆಟ್ಟು.

ಅವಳಿಗೇನು ಶಾಸಕಿಯಾಗಿ ಮೆರೆಯುವ ಚಪಲವಿರಲಿಲ್ಲ. ಅವಳು ನರ್ಸಾಗಿದ್ದ ಊರಿನ ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯನ್ನು ಮುಚ್ಚುತ್ತೇವೆಂದು ಮೇಲಿನವರು ಹೇಳಿದ್ದರು. ಹಿಂದೊಮ್ಮೆ ಸುಣ್ಣಬಣ್ಣಕ್ಕೆಂದು ಅದನ್ನು ಮುಚ್ಚಿದ್ದಾಗ, ದೂರದ ದೊಡ್ಡಾಸ್ಪತ್ರೆಗೆ ಹೊರಟ ಹುಡುಗಿಯೊಬ್ಬಳು ಬಸ್ಸಿನ ಹಿಂದಿನ ಸೀಟಿನಲ್ಲೇ ಹೆತ್ತಳು. ಮಗು ಅಳಲಿಲ್ಲ. ಆ ಹುಡುಗಿ ಹುಟ್ಟಿದ್ದು ಸಿಸ್ಟರಮ್ಮನ ಕೈಯಲ್ಲೇ.

ಅದಕ್ಕೇ ಅವಳು ಹಾಲಿ ಶಾಸಕರ ಮನೆಗೆ ಚಪ್ಪಲಿ ಸವೆಯುವಷ್ಟು ಅಲೆದಳು. ಅವರ ಬಾಯಲ್ಲಿ 'ನೋಡೋಣ' ಬಿಟ್ಟರೆ ಬೇರೆ ಮಾತಿಲ್ಲ. ಕೊನೆಗೆ ತಾನೇ ನಿಂತಳು. ಸರ್ಕಾರಿ ಕೆಲಸದಲ್ಲಿರುವವರು ನಿಲ್ಲುವಂತಿಲ್ಲವಲ್ಲ, ರಾಜೀನಾಮೆ ಕೊಟ್ಟಳು. ಇನ್ನು ಗೆದ್ದರೆ ಉಂಟು, ಇಲ್ಲವಾದರೆ ಅತ್ತ ದಡವೂ ಇಲ್ಲ, ಇತ್ತ ದಡವೂ ಇಲ್ಲ.

ಗುರುತಿನದ್ದು ಇನ್ನೊಂದು ಕಥೆ. ಇವಳು ದೀಪ ಕೇಳಿದ್ದಳು, ಚುನಾವಣಾ ಕಚೇರಿಯವರು ಬೀಗ ಕೊಟ್ಟರು.

"ಬಾಗಿಲು ಮುಚ್ಚಬೇಡಿ ಅಂತ ಹೊರಟವಳಿಗೆ ಬೀಗವೇ ಸಿಕ್ತಲ್ಲೇ," ಅಂದ ಗಂಡ.

ಮನೆ ಮನೆಗೆ ಹೋದಳು. ಹೋದಲ್ಲೆಲ್ಲ ಕುರ್ಚಿ ಹಾಕಿ, ತೋಳು ಚಾಚಿ ಕೂರುತ್ತಿದ್ದರು, ಬಿಪಿ ನೋಡು ಅಂತ. ಒಬ್ಬರ ಕಿವಿ ಸೋರುತ್ತಿತ್ತು, ಇನ್ನೊಬ್ಬರ ಸೊಂಟ ಹಿಡಿದಿತ್ತು. ಓಟಿನ ಮಾತು ತೆಗೆಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಕೆಲಸ ಬಿಟ್ಟು ಬಂದಿದ್ದೇನೆ ಎಂದರೆ ನಕ್ಕುಬಿಡುತ್ತಿದ್ದರು. ಪರ್ಮನೆಂಟ್ ಕೆಲಸವನ್ನು ತಲೆ ನೆಟ್ಟಗಿರುವವರು ಯಾರಾದರೂ ಬಿಡುತ್ತಾರೆಯೇ, ರಜೆ ಹಾಕಿರುತ್ತಾಳೆ ಬಿಡಿ, ಎಂದು ಅವರವರೇ ತೀರ್ಮಾನಿಸಿದರು.

ಮತದಾನ ಮುಗಿದ ಸಂಜೆ ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಬಟ್ಟೆ ಹೊಲಿಯುವ ಅಜ್ಜಿ ಕಾಲೆಳೆಯುತ್ತ ಬಂದಳು. ಸಕ್ಕರೆ ಕಾಯಿಲೆಯ ಗಾಯ, ವರ್ಷಗಳಿಂದ ಸಿಸ್ಟರಮ್ಮನೇ ಕಟ್ಟು ಕಟ್ಟುತ್ತಿದ್ದದ್ದು. ಬೆರಳಿಗೆ ಶಾಯಿ, ಮುಖದ ತುಂಬ ಖುಷಿ.

"ಹೆದರಬೇಡ ಮಗಳೇ. ನಮ್ಮ ಬೀದಿಯವರು ಒಬ್ಬರೂ ನಿನಗೆ ಹಾಕಿಲ್ಲ."

"ಯಾಕಜ್ಜಿ?"

"ನೀನು ಗೆದ್ದು ರಾಜಧಾನಿಯಲ್ಲಿ ಕೂತ್ರೆ ನಮ್ಮನ್ನ ನೋಡೋರು ಯಾರು? ಎಲ್ಲರೂ ಮಾತಾಡ್ಕೊಂಡೇ ಹೋದ್ವಿ. ಕೆಳಗಿನ ಬೀದಿಯವರೂ ಅಷ್ಟೇ. ನಿನ್ನನ್ನ ಬಿಟ್ಟುಕೊಡ್ತೀವಾ?"

ಸಿಸ್ಟರಮ್ಮ ಅವಳ ಮುಖವನ್ನೇ ನೋಡಿದಳು. ಇಷ್ಟು ಪ್ರೀತಿಯಿಂದ ಕುತ್ತಿಗೆ ಕೊಯ್ದವರಿಗೆ ಏನೆಂದು ಬೈಯುವುದು?

"ನಾನು ರಜೆ ಹಾಕಿಲ್ಲ ಅಜ್ಜಿ. ಕೆಲಸ ನಿಜವಾಗ್ಲೂ ಬಿಟ್ಟಿದ್ದೀನಿ."

"ಹೋಗಿ ಕೇಳಿದ್ರೆ ಮತ್ತೆ ಕೊಡ್ತಾರಲ್ವಾ?"

"ಕೊಡಲ್ಲ."

ಅಜ್ಜಿಯ ನಗು ಹೋಗಲು ತುಸು ಹೊತ್ತು ಹಿಡಿಯಿತು. ಎಲ್ಲಿಗೆ ಹೋಗಬೇಕೆಂದು ಅದಕ್ಕೂ ತಿಳಿಯಲಿಲ್ಲವೋ ಏನೋ. ಮೊಮ್ಮಗಳಿಗೆ ದಿನ ತುಂಬುತ್ತಾ ಬಂದಿದೆ ಎಂದು ಮೆಲ್ಲಗೆ ಹೇಳಿದಳು, ಯಾರಿಗೂ ಅಲ್ಲವೆಂಬಂತೆ.

ಸಿಸ್ಟರಮ್ಮ ಎದ್ದು ಬಿಸಿನೀರು ತಂದಳು. ಪ್ರಚಾರಕ್ಕೆ ಅಲೆದ ದಿನಗಳಲ್ಲಿ ಯಾರೂ ನೋಡದೆ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಅದನ್ನು ತೊಳೆದು ಬ್ಯಾಂಡೇಜು ಸುತ್ತತೊಡಗಿದಳು. ಅಜ್ಜಿ ತಲೆ ತಗ್ಗಿಸಿ ಬೆರಳಿನ ಶಾಯಿಯನ್ನು ಸೆರಗಿಗೆ ಉಜ್ಜುತ್ತಲೇ ಇದ್ದಳು, ಮೈಯೆಲ್ಲ ಅಲುಗುವಂತೆ.

"ಅಲ್ಲಾಡಬೇಡಿ ಅಜ್ಜಿ," ಅಂದಳು ಸಿಸ್ಟರಮ್ಮ. "ಕಟ್ಟು ಸಡಿಲ ಆಗುತ್ತೆ."