ಒಂದು ಜೊತೆ ಕೈಗವಸು, ಇಬ್ಬರು ಓಟಗಾರರು

ಅಮೆರಿಕದ ಆಟಗಳಲ್ಲಿ ಒಂದರ ನಿಯಮವೂ ನನಗೆ ಗೊತ್ತಿಲ್ಲ. ಅವರು ಫುಟ್‌ಬಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುತ್ತಾರೆ ಎಂದು ತಿಳಿದ ದಿನ ಅದಕ್ಕೆ ಆ ಹೆಸರು ಯಾಕೆಂದು ಇಬ್ಬರನ್ನು ಕೇಳಿದ್ದೆ. ಬೇಸ್‌ಬಾಲ್ ಎಂದರೆ ಬರೀ ಫುಲ್‌ಟಾಸ್ ಎಸೆಯುವ ಕ್ರಿಕೆಟ್ಟು ಎಂದು ಈಗಲೂ ತಿಳಿದಿದ್ದೇನೆ. ಇಷ್ಟಾಗಿಯೂ, ಅಮೆರಿಕದ ಆಟದ ನಾಲ್ಕು ಪ್ರಸಿದ್ಧ ಫೋಟೋಗಳ ಕೆಳಗೆ ಏಳು ವರ್ಷ ಕೂತು ಸಂಬಳ ತೆಗೆದುಕೊಂಡವನು ನಾನು. ದೇವರ ಪಟದ ಕೆಳಗೆ ಕೂತವನಿಗೆ ಭಕ್ತಿ ಬರಲೇಬೇಕೆಂದಿಲ್ಲ. ಪಟದ ಅಭ್ಯಾಸ ಮಾತ್ರ ಆಗಿಬಿಡುತ್ತದೆ.

ಫೋಟೋಗಳು ನಮ್ಮ ಹಿಂದಿನ ಪ್ರಾಜೆಕ್ಟ್ ಮ್ಯಾನೇಜರನವು. ಅಮೆರಿಕದವನು. ಊರಿಗೆ ಹೊರಟಾಗ ಕಾಫಿ ಯಂತ್ರವನ್ನು ಒಯ್ದು ಇವನ್ನು ಬಿಟ್ಟುಹೋದ. ಒಮಾನಿನ ನಿಜ್ವಾ ಊರಿನ ಹೊರಗೆ, ಖರ್ಜೂರದ ತೋಟ ಮುಗಿದು ಬರೀ ಕಲ್ಲು ಶುರುವಾಗುವಲ್ಲಿ, ನೀರಿನ ಟ್ಯಾಂಕು, ಪಂಪ್‌ಹೌಸುಗಳ ಕಾಮಗಾರಿ ನಮ್ಮದು. ಆಫೀಸು ಎಂದರೆ ಒಂದು ತಗಡಿನ ಕ್ಯಾಬಿನ್. ಹೆಡ್ ಆಫೀಸಿನಿಂದ ಬಂದ ಯಾರೋ ಪ್ರತಿ ಫೋಟೋದ ಕೆಳಗೂ ಒಂದೊಂದು ಸ್ಟಿಕ್ಕರ್ ಅಂಟಿಸಿಹೋದರು: ಟೀಮ್‌ವರ್ಕ್, ಫೋಕಸ್, ಡಿಸಿಪ್ಲಿನ್, ವಿಕ್ಟರಿ. ಯಾವುದಕ್ಕೆ ಯಾವುದು ಎಂದು ತಲೆಕೆಡಿಸಿಕೊಂಡಂತಿರಲಿಲ್ಲ. ಬೋಳುತಲೆಯಿಂದ ರಕ್ತ ಇಳಿಯುತ್ತಿದ್ದು, ಶಿರಸ್ತ್ರಾಣ ಕಳಚಿಹೋಗಿ, ಮೈದಾನದಲ್ಲಿ ಮಂಡಿಯೂರಿ ಕೂತ ವಯಸ್ಸಾದ ಫುಟ್‌ಬಾಲ್ ಆಟಗಾರನ ಕೆಳಗೆ ‘ವಿಕ್ಟರಿ’ ಎಂದಿತ್ತು. ಅದನ್ನು ತೆಗೆದ ಫೋಟೋಗ್ರಾಫರನ ಪತ್ರಿಕೆಯೇ ಮೊದಲು ಅಚ್ಚು ಹಾಕಲಿಲ್ಲವಂತೆ. ಆಟವೇ ಇಲ್ಲವಲ್ಲ ಇದರಲ್ಲಿ, ಒಬ್ಬ ಸೋತು ಕೂತಿದ್ದಾನಷ್ಟೇ, ಎಂದಿರಬೇಕು ಸಂಪಾದಕ.

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನಾನು ಈ ಫೋಟೋಗಳ ಪೂರ್ವಾಪರ ಹುಡುಕಿ ಓದುತ್ತಿದ್ದೆ. ಓದಿದಷ್ಟೂ ಅವು ಕೈತಪ್ಪಿಹೋಗುತ್ತಿದ್ದವು. ಎರಡನೆಯ ಫೋಟೋದಲ್ಲಿ ಬಿದ್ದವನ ಮೇಲೆ ತೋಳು ಮಡಿಸಿ ನಿಂತು ಅಬ್ಬರಿಸುವ ಆ ಬಾಕ್ಸರ್ ಗೆಲುವಿನ ಕೇಕೆ ಹಾಕುತ್ತಿದ್ದಾನೆಂದು ನಾನು ತಿಳಿದಿದ್ದೆ. ಅವನು ‘ಏಳೋ, ಎದ್ದು ಹೊಡೆದಾಡೋ’ ಎಂದು ಬೈಯುತ್ತಿದ್ದನಂತೆ. ಗುದ್ದು ಸರಿಯಾಗಿ ಬಿತ್ತೇ, ಅಥವಾ ಬಿದ್ದವನೇ ಬೇಕೆಂದು ಮಲಗಿದನೇ ಎಂಬ ಜಗಳ ಇನ್ನೂ ಮುಗಿದಿಲ್ಲ. ಗೆದ್ದವನ ಎರಡು ಕಾಲುಗಳ ನಡುವೆ ಆಚೆ ಬದಿಯ ಇನ್ನೊಬ್ಬ ಫೋಟೋಗ್ರಾಫರನ ತಲೆ ಕಾಣುತ್ತದೆ. ಅವನ ಕೈಯಲ್ಲೂ ಕ್ಯಾಮೆರಾ ಇತ್ತು, ಅದೇ ಕ್ಷಣವೂ ಇತ್ತು. ಆದರೆ ಅವನಿಗೆ ಸಿಕ್ಕಿದ್ದು ಬಾಕ್ಸರನ ಬೆನ್ನು. ಇತಿಹಾಸ ಎಂದರೆ ಯಾವ ಬದಿಯಲ್ಲಿ ಕೂತಿದ್ದಿರಿ ಎಂಬುದು. ಇನ್ನೊಂದು ಫೋಟೋದಲ್ಲಿ ರೋಗದಿಂದ ಕೃಶನಾದ ಬೇಸ್‌ಬಾಲ್ ಆಟಗಾರ ಬ್ಯಾಟನ್ನು ಊರುಗೋಲಿನಂತೆ ಹಿಡಿದು ಜನಸಾಗರದ ಎದುರು ನಿಂತಿದ್ದಾನೆ; ನಮಗೆ ಕಾಣುವುದು ಅವನ ಬೆನ್ನು. ಬ್ಯಾಟು ಅವನದಲ್ಲ, ಯಾರದೋ ತಂದುಕೊಂಡದ್ದು. ಅದೇ ಬೇಸಿಗೆಯಲ್ಲಿ ಸತ್ತ.

ನಾಲ್ಕನೆಯದು ನನ್ನ ಮೇಜಿನ ನೇರ ಮೇಲಿತ್ತು. ಒಲಿಂಪಿಕ್ಸಿನ ಪದಕದ ಮೆಟ್ಟಿಲ ಮೇಲೆ ಇಬ್ಬರು ಕಪ್ಪು ಅಮೆರಿಕನ್ ಓಟಗಾರರು ವರ್ಣಭೇದವನ್ನು ಪ್ರತಿಭಟಿಸಿ, ತಲೆ ತಗ್ಗಿಸಿ, ಕಪ್ಪು ಕೈಗವಸು ತೊಟ್ಟ ಮುಷ್ಟಿ ಎತ್ತಿ ನಿಂತಿದ್ದಾರೆ. ಒಬ್ಬ ಬಲಗೈ, ಇನ್ನೊಬ್ಬ ಎಡಗೈ. ಇದರಲ್ಲಿ ಏನೋ ಗಹನ ಅರ್ಥವಿದೆ ಎಂದು ನಾನು ಬಹಳ ದಿನ ಯೋಚಿಸಿದ್ದೆ. ನಿಜ ಇಷ್ಟೇ: ಒಬ್ಬ ತನ್ನ ಕೈಗವಸು ಮರೆತು ಬಂದಿದ್ದ. ಇದ್ದ ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಂಡರು. ಅದನ್ನು ಓದಿದ ದಿನ ನಾನು ಜೋರಾಗಿ ನಕ್ಕೆ. ಮಾರನೆಯ ತಿಂಗಳು ನಮ್ಮ ಸೈಟಿನ ಬಸವರಾಜ ಬಿದ್ದ.

ಇಲ್ಲ, ಹೀಗೆ ಬರೆದರೆ ಬಹಳ ಚೆನ್ನಾಗಿ ಕೂಡಿಕೊಂಡುಬಿಡುತ್ತದೆ. ಮಾರನೆಯ ತಿಂಗಳೋ, ಅದಕ್ಕೂ ಮೊದಲೋ, ನನಗೆ ಖಚಿತವಿಲ್ಲ. ಬಸವರಾಜ ಬಿದ್ದದ್ದು ಮಾತ್ರ ಖಚಿತ.

ನಾನು ಅಲ್ಲಿ ಸೇಫ್ಟಿ ಆಫೀಸರ್ ಆಗಿದ್ದೆ. ಮನೆ ಮಸ್ಕತ್ತಿನ ಹತ್ತಿರದ ಸೀಬ್‌ನಲ್ಲಿ, ಅಲ್ಲಿ ವಾರದ ಮೊದಲ ದಿನವಾದ ಭಾನುವಾರ ಕಾರು ಹತ್ತಿ ನಿಜ್ವಾಕ್ಕೆ ಬಂದು, ಗುರುವಾರ ಸಂಜೆ ಮರಳುವುದು. ನನ್ನ ಮುಖ್ಯ ಕೆಲಸ ಫೋಟೋ ತೆಗೆಯುವುದು. ಬೆಳಗ್ಗೆ ಆರೂವರೆಗೆ ಕೆಲಸಗಾರರು ಸಾಲಾಗಿ ನಿಲ್ಲುತ್ತಾರೆ. ಎತ್ತರಕ್ಕೆ ಹತ್ತುವವರು ಎದೆಗೂ ತೊಡೆಗೂ ಬಿಗಿದುಕೊಳ್ಳುವ ಪಟ್ಟಿಗಳ ಸರಂಜಾಮು ಇರುತ್ತದೆ, ಕೊಕ್ಕೆ ಸಿಕ್ಕಿಸಿಕೊಂಡರೆ ಬಿದ್ದವನನ್ನು ಅದು ಹಿಡಿಯುತ್ತದೆ. ನಮ್ಮಲ್ಲಿ ಎಲ್ಲರೂ ಅದನ್ನು ಬೆಲ್ಟು ಎನ್ನುತ್ತೇವೆ. ಅದನ್ನು ಹಾಕಿಕೊಂಡ ಪ್ರತಿಯೊಬ್ಬನ ಫೋಟೋ ತೆಗೆದು ಮಸ್ಕತ್ತಿನ ಹೆಡ್ ಆಫೀಸಿಗೆ ಕಳಿಸಿದರೆ ಅಂದಿನ ಸುರಕ್ಷತೆ ಮುಗಿದಂತೆ.

ಬೆಲ್ಟುಗಳಿಗೆ ಪರೀಕ್ಷೆಯಾದ ಗುರುತಿಗೆ ಬಣ್ಣದ ಚೀಟಿ ಇರುತ್ತದೆ. ಮೂರು ತಿಂಗಳಿಗೊಮ್ಮೆ ಬಣ್ಣ ಬದಲು. ಆ ಸಲ ನೀಲಿ ಹೋಗಿ ಹಸಿರು ಬಂತು. ಹಸಿರು ಚೀಟಿ ಹಾಕಬೇಕಾದ ಪರೀಕ್ಷಕ ರುಸ್ತಾಕಿನ ಸೈಟಿನಲ್ಲಿ ಸಿಕ್ಕಿಕೊಂಡಿದ್ದ. ನಮ್ಮ ಆರು ಬೆಲ್ಟುಗಳಲ್ಲಿ ಐದು ನೀಲಿ, ಅವನು ಮೊದಲೇ ಪರೀಕ್ಷಿಸಿದ್ದ ಒಂದು ಮಾತ್ರ ಹಸಿರು. ಹಳೆಯ ಬಣ್ಣದ ಚೀಟಿಯ ಬೆಲ್ಟು ಯಾರ ಮೈಮೇಲಾದರೂ ಕಂಡರೆ ನಿಯಮಭಂಗ. ಆದ್ದರಿಂದ ನಾನು, ನಿಯಮ ಬಲ್ಲವನು, ಐದು ಒಳ್ಳೆಯ ಬೆಲ್ಟುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ನಿನ್ನೆಯವರೆಗೆ ಜೀವ ಕಾಯುತ್ತಿದ್ದ ಅವು ಒಂದು ಚೀಟಿಯ ದೆಸೆಯಿಂದ ಅಪಾಯಕಾರಿಗಳಾದವು.

ಫೋಟೋ ಮಾತ್ರ ಆರು ಬೇಕು. ಹಸಿರು ಚೀಟಿಯ ಒಂದೇ ಬೆಲ್ಟನ್ನು ಒಬ್ಬ ಹಾಕಿಕೊಂಡು, ಫೋಟೋ ಆದಮೇಲೆ ಬಿಚ್ಚಿ ಮುಂದಿನವನಿಗೆ ಕೊಡುತ್ತಿದ್ದ. ಮದುವೆಮನೆಯಲ್ಲಿ ಒಂದೇ ಕೋಟಿನಲ್ಲಿ ಅಣ್ಣತಮ್ಮಂದಿರೆಲ್ಲ ಫೋಟೋ ತೆಗೆಸಿಕೊಂಡಂತೆ. ಆ ದಿನ ಬಸವರಾಜ ಕೊನೆಯವನು. ಬಾಗಲಕೋಟೆ ಕಡೆಯವನು, ವಾಲ್ವು ರಿಪೇರಿಯಲ್ಲಿ ಎತ್ತಿದ ಕೈ. ಪಟ್ಟಿ ಬಿಗಿಯುತ್ತ ನಗೆಯಾಡಿದ, “ಸರ, ಬೆಲ್ಟ್ ಇನ್ನೂ ಬೆಚ್ಚಗೈತ್ರಿ. ಐದು ಮಂದಿ ಕಾವು ಕೊಟ್ಟಾರ. ಇನ್ನೊಂದೀಟು ತಡದ್ರ ಮರಿ ಹಾಕತೈತಿ.”

“ಯಲ್ಲಾ, ನೆಟ್ಟಗೆ ನಿಂತ್ಕೊಳಪ್ಪ,” ಎಂದು ಅಲ್ಲಿನ ಅರಬ್ಬಿ ಬೆರೆಸಿ ಅವಸರಪಡಿಸಿದೆ. ಫೋಟೋ ತೆಗೆದೆ. “ಖಲಾಸ್.”

ಬೆಲ್ಟನ್ನು ಗೋಪುರ ಹತ್ತುವ ವೆಲ್ಡರನಿಗೆ ಕೊಟ್ಟೆವು. ಬಸವರಾಜನದು ಟ್ಯಾಂಕಿನ ಏಣಿ, ಎರಡಾಳೆತ್ತರ. ಹತ್ತು ನಿಮಿಷದ ಕೆಲಸ ಎಂದು ಯಾರೋ ಅಂದರು. ಮೊದಲ ವಾರ ನನ್ನ ನೆನಪಿನಲ್ಲಿ ಆ ಮಾತನ್ನು ಬಸವರಾಜನೇ ಆಡಿದ್ದ. ಎರಡನೇ ವಾರ ಅದು ನನ್ನ ದನಿಯಲ್ಲಿ ಕೇಳತೊಡಗಿತು. ಹತ್ತು ನಿಮಿಷವೂ ಬೇಕಾಗಲಿಲ್ಲ. ವಾಲ್ವು ತಿರುಗುತ್ತಿದ್ದಂತೆ ಸ್ಪ್ಯಾನರ್ ಜಾರಿತು, ಅವನು ಬೆನ್ನ ಮೇಲೆ ಕಾಂಕ್ರೀಟಿಗೆ ಬಿದ್ದ.

ಎರಡು ವಾರದ ಮೇಲೆ ವಿಚಾರಣೆಗೆ ಹೆಡ್ ಆಫೀಸಿನಿಂದ ಮುಂಬೈ ಕಡೆಯ ಹಿರಿಯರೊಬ್ಬರು ಸೈಟಿಗೆ ಬಂದರು. ಮೆದು ಮಾತಿನವರು. ಬಾಕ್ಸರನ ಫೋಟೋ ಕೆಳಗೆ ಕೂತು ಫೈಲು ತೆರೆದು ಕೇಳಿದರು, “ಫೋಟೋ ಮೇ ತೋ ಪೆಹನಾ ಹೈ. ಫಿರ್ ಉತಾರಾ ಕಿಸ್‌ನೇ?” ಫೋಟೋದಲ್ಲಿ ಹಾಕಿಕೊಂಡಿದ್ದಾನೆ, ಮತ್ತೆ ಬಿಚ್ಚಿದವರು ಯಾರು?

ನಾನು ಸುಮ್ಮನಿದ್ದೆ. ಸುಮ್ಮನಿರುವುದು ಸುಳ್ಳಲ್ಲ ಎಂದು ಆ ಕ್ಷಣ ಅನ್ನಿಸಿತ್ತು. ಅವರು ವರದಿಯ ಕರಡಿನಲ್ಲಿ ಬರೆದುಕೊಂಡರು: ಕೆಲಸಗಾರ ಸ್ವಂತ ಇಚ್ಛೆಯಿಂದ ಬೆಲ್ಟು ಬಿಚ್ಚಿದ್ದಾನೆ. ಗಲ್ಫಿನಲ್ಲಿ ಅಂಥ ಒಂದು ಸಾಲು ಹಣೆಬರಹವಿದ್ದಂತೆ. ಬೆನ್ನು ಸರಿಹೋದರೂ ಅವನನ್ನು ಇನ್ನು ಯಾವ ಸೈಟೂ ಒಳಗೆ ಬಿಡುವುದಿಲ್ಲ.

ಮರುದಿನ ಮಧ್ಯಾಹ್ನ ನಿಜ್ವಾದ ಆಸ್ಪತ್ರೆಗೆ ಹೋದೆ. ಯಾಕೆ ಹೋದೆ ಎಂಬುದಕ್ಕೆ ನನ್ನ ಬಳಿ ಎರಡು ಮೂರು ಕಾರಣಗಳಿವೆ, ಎಲ್ಲವೂ ಮರ್ಯಾದಸ್ಥವಾಗಿವೆ. ಆದ್ದರಿಂದ ಒಂದನ್ನೂ ನಂಬುವುದಿಲ್ಲ. ಕಿತ್ತಳೆ ಹಣ್ಣು ತೆಗೆದುಕೊಂಡಿದ್ದೆ. ಬಸವರಾಜ ಚಪ್ಪಟೆ ಮಲಗಿದ್ದ. ನಿಜ್ವಾದಲ್ಲೇ ಅವನ ಜೊತೆಗಿದ್ದ ಹೆಂಡತಿ ಸುಮಂಗಲಾ ಪಕ್ಕದಲ್ಲಿ ಕೂತಿದ್ದರು.

“ಬರ್ರಿ ಸರ,” ಎಂದ ಬಸವರಾಜ, ಚಾವಣಿ ನೋಡುತ್ತ. “ತಪ್ಪು ನಂದ ಆತು ನೋಡ್ರಿ. ನಿಮಗೂ ತ್ರಾಸ ಕೊಟ್ಟೆ.”

“ನಿಂದೇನು ತಪ್ಪಪ್ಪ?”

“ಬೆಲ್ಟ್ ಬಿಚ್ಚಬಾರದಿತ್ರಿ. ಹಾಕ್ಕೊಂಡಿದ್ನಲ್ಲ. ಬಿದ್ದ ಎರಡನೇ ದಿನಾನ ಮುಂಬೈ ಸಾಹೇಬ್ರು ಇಲ್ಲಿಗೆ ಬಂದು ಫೋಟೋ ತೋರಿಸಿದ್ರು. ಏಣಿ ಮ್ಯಾಲ ಸೆಕೆಗೆ ನಾನ ಬಿಚ್ಚಿರಬೇಕು.”

ನಾನು ಅವನ ಮುಖ ನೋಡಿದೆ. ಅವನು ವ್ಯಂಗ್ಯ ಮಾಡುತ್ತಿರಲಿಲ್ಲ. ತಲೆಗೂ ಪೆಟ್ಟು ಬಿದ್ದಿತ್ತು; ಆ ಬೆಳಗು ಅವನ ನೆನಪಿನಲ್ಲಿ ಖಾಲಿಯಾಗಿತ್ತು. ಖಾಲಿ ಜಾಗದಲ್ಲಿ ನನ್ನ ಫೋಟೋ ಬಂದು ಕೂತಿತ್ತು. ಎಷ್ಟು ಭದ್ರವಾಗಿ ಎಂದರೆ, ಅದರ ಸುತ್ತ ಅವನೇ ಸೆಕೆಯನ್ನೂ ಬಿಚ್ಚಿದ ಕೈಯನ್ನೂ ಸೇರಿಸಿದ್ದ. ನೆನಪು ಮೋಸ ಮಾಡುತ್ತದೆ ಎಂದು ನಾನು ಗೆಳೆಯರ ನಡುವೆ ಎಷ್ಟೋ ಸಲ ದೊಡ್ಡದಾಗಿ ಮಾತಾಡಿದ್ದೇನೆ. ಒಬ್ಬನ ಮಂಚದ ಪಕ್ಕ ನಿಂತು, ಅವನ ನೆನಪು ಅವನ ವಿರುದ್ಧವೇ ಸಾಕ್ಷಿ ಹೇಳುವುದನ್ನು ಕೇಳಿದ್ದು ಅದೇ ಮೊದಲು.

ಸುಮಂಗಲಾ ಅಷ್ಟು ಹೊತ್ತೂ ನನ್ನನ್ನೇ ನೋಡುತ್ತಿದ್ದರು. “ಅಲ್ರೀ ಸರ, ಹದಿನಾರು ವರ್ಷ ಆತು ಇವರನ್ನ ಕಟಗೊಂಡು. ಕಾರಿನ್ಯಾಗ ಹಿಂದಿನ ಸೀಟಿಗೆ ಕುಂತರೂ ಬೆಲ್ಟ್ ಹಾಕೋ ಮನಷ್ಯಾ. ಮಗಳು ನಗತಾಳ, ಪಾರ್ಕಿಂಗ್‌ನ್ಯಾಗ ನಿಂತ ಗಾಡ್ಯಾಗೂ ಹಾಕ್ತಾರಂತ. ಇವರು ಬಿಚ್ಚಿದ್ರಾ? ಫೋಟೋ ತಗದವರು ನೀವಲ್ರೀ? ನೀವ ಹೇಳ್ರಿ.”

ಹೇಳಿದೆ. ಫೋನು ತೆಗೆದು ಆ ಬೆಳಗಿನ ಆರೂ ಫೋಟೋಗಳನ್ನು ಒಂದಾದ ಮೇಲೊಂದು ತೋರಿಸಿದೆ. ಆರು ಜನ, ಆರು ಎದೆಯ ಮೇಲೂ, ಎಡಪಟ್ಟಿಯಲ್ಲಿ, ಹಲ್ಲಿಯ ಆಕಾರದ ಒಂದೇ ಹಳದಿ ಬಣ್ಣದ ಕಲೆ. ವಿಚಾರಣೆಯವರು ಬಸವರಾಜನ ಒಂದೇ ಫೋಟೋ ನೋಡಿದ್ದರು. ಪ್ರಸಿದ್ಧ ಫೋಟೋಗಳ ಕಷ್ಟವೂ ಇದೇ. ಹಿಂದಿನದು ಮುಂದಿನದು ಯಾವುದನ್ನೂ ಯಾರೂ ಕೇಳುವುದಿಲ್ಲ. ಕಪಾಟಿನ ಬೀಗದ ವಿಷಯ ಹೇಳುವಾಗ ನನ್ನ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಸ್ವಲ್ಪ ಸಮಾಧಾನವೂ ಸಿಗತೊಡಗಿತ್ತು ಎಂದು ಒಪ್ಪಿಕೊಳ್ಳಬೇಕು.

ಸುಮಂಗಲಾ ಆ ಸಮಾಧಾನಕ್ಕೆ ಅವಕಾಶ ಕೊಡಲಿಲ್ಲ. ಮಗಳ ಶಾಲೆಯ ನೋಟ್‌ಬುಕ್ಕಿನಿಂದ ಹಾಳೆ ಹರಿದು ಮುಂದಿಟ್ಟರು. “ಇದನ್ನ ಇಂಗ್ಲಿಷಿನ್ಯಾಗ ಬರೀರಿ. ಇಲ್ಲಿ ಕುಂತು ಕನ್ನಡದಾಗ ಅತ್ರ ಆಫೀಸಿಗೆ ಕೇಳಸೂದಿಲ್ಲ.”

ಬಸವರಾಜ ಚಾವಣಿಯಿಂದ ಕಣ್ಣು ಸರಿಸಿರಲಿಲ್ಲ. ಹಾಗೆಯೇ ಕೇಳಿದ, “ಅಂದ್ರ ನಾ ಬಿಚ್ಚಲಿಲ್ಲೇನ್ರಿ?”

“ಇಲ್ಲಪ್ಪ. ಬಿಚ್ಚು ಅಂದೋನು ನಾನು. ಇನ್ನೊಬ್ಬನಿಗೆ ಕೊಡು ಅಂದೆ.”

“ಎರಡು ವಾರ ಆತ್ರಿ ಸರ,” ಎಂದ. “ಎರಡು ವಾರ ನನ್ನ ನಾನ ಬೈಕೋತ ಮಲಗೀನಿ.” ಮುಖ ಆಚೆ ತಿರುಗಿಸಲು ನೋಡಿದ, ಕುತ್ತಿಗೆಯ ಪಟ್ಟಿ ಬಿಡಲಿಲ್ಲ.

ರೋಗಿಗೆ ಊಟವಿಡುವ ಗಾಲಿಮೇಜನ್ನು ಎಳೆದುಕೊಂಡು ಬರೆದೆ. ಒಂದೇ ಬೆಲ್ಟು, ಆರು ಫೋಟೋ, ಬೀಗದ ಕೈ ನನ್ನ ಜೇಬಿನಲ್ಲಿತ್ತು. ಹತ್ತು ನಿಮಿಷದ ಕೆಲಸ ಎಂದವರು ಯಾರೆಂದು ನೆನಪಿಲ್ಲ, ನಾನೇ ಇರಬಹುದು ಎಂದೂ ಬರೆದೆ. ಸಹಿ ಹಾಕಿದೆ.

“ಎದ್ದು ನಿಂದರ್ರಿ,” ಎಂದರು ಸುಮಂಗಲಾ, ಫೋನು ಹಿಡಿದು. “ಕಾಗದ ಎದೀ ಮುಂದ ಹಿಡೀರಿ. ನಾಳೆ ಇದು ನಾ ಬರದದ್ದಲ್ಲ ಅಂದೀರಿ.”

ಗೋಡೆಗೆ ಬೆನ್ನು ಕೊಟ್ಟು ನಿಂತೆ.

“ಬೆರಳು ಸರಸ್ರಿ, ಸಹಿ ಕಾಣವಲ್ದು. ಹಾಂ. ನಗಬ್ಯಾಡ್ರಿ.”

ವರದಿಯಲ್ಲಿ ಬಸವರಾಜನ ಮೇಲಿದ್ದ ಸಾಲು ಹೋಯಿತು. ಅಲ್ಲಿ ನನ್ನ ಹುದ್ದೆ, ನನ್ನ ಹೆಸರು ಬಂದವು. ಅವನೀಗ ವಾಕರ್ ಹಿಡಿದು ವರಾಂಡದ ತುದಿಯವರೆಗೆ ಹೋಗಿಬರುತ್ತಾನೆ. ನನ್ನ ಫೋನು ಎತ್ತುವುದಿಲ್ಲ. ನನ್ನನ್ನು ಸೀಬ್‌ನ ಗೋದಾಮಿಗೆ ಹಾಕಿದ್ದಾರೆ. ಅಲ್ಲಿ ಗೋಡೆಯ ಮೇಲೆ ಏನೂ ಇಲ್ಲ.

ಸುಮಂಗಲಾ ತೆಗೆದ ಆ ಫೋಟೋ ವರದಿಗೆ ಅಂಟಿಕೊಂಡು ಮಸ್ಕತ್ತಿನ ಫೈಲಿನಲ್ಲಿದೆ. ಮುಂಬೈ ಕಡೆಯ ಹಿರಿಯರು ಅದನ್ನು ಬಹಳ ಹೊತ್ತು ನೋಡಿ, ಇಂಥ ಕಾಗದ ಹಿಡಿದುಕೊಂಡು ಹಲ್ಲು ಕಿರಿಯುತ್ತಿದ್ದೀರಲ್ಲ, ನಾಚಿಕೆಯಾಗಲಿಲ್ಲವೇ ಎಂದು ಕೇಳಿದರು. ನೋಡಿದ ಪ್ರತಿಯೊಬ್ಬರೂ ನಾನು ನಗುತ್ತಿದ್ದೇನೆಂದೇ ಹೇಳುತ್ತಾರೆ. ನಕ್ಕ ನೆನಪು ನನಗಿಲ್ಲ. ನಾನೂ ಹಲವು ಸಲ ನೋಡಿದೆ. ಈಚೆಗೆ ನನಗೂ, ನಕ್ಕಿರಬೇಕು ಅನ್ನಿಸುತ್ತಿದೆ.