ಒಂಬತ್ತೂವರೆಗೆ ಹುಟ್ಟಿದ ಕ್ಯಾಮೆರಾ

ನನ್ನ ಬಳಿ ನನ್ನದೇ ಒಂದು ಫೋಟೋ ಇದೆ. ಕಂಪ್ಯೂಟರಿನಲ್ಲಿ ತೆರೆದರೆ, ಅದನ್ನು ತೆಗೆದ ಹೊತ್ತು ಬೆಳಿಗ್ಗೆ ಒಂಬತ್ತೂವರೆ ಎಂದು ತೋರಿಸುತ್ತದೆ. ಆ ದಿನದ ಬಗ್ಗೆ ನಾನು ಆಣೆ ಇಟ್ಟು ಹೇಳಬಲ್ಲದ್ದು ಇಷ್ಟೇ: ಆಗ ಒಂಬತ್ತೂವರೆ ಆಗಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಧಾರವಾಡದಲ್ಲಿ ಭೌತಶಾಸ್ತ್ರ ಓದಿದ್ದ ನಾನು ವಿಜಯವಾಡದ ಸ್ಟುಡಿಯೋ ಮಾಲೀಕರೊಬ್ಬರ ಮಗಳನ್ನು ಮದುವೆಯಾಗಿ, ಕೆಲಸ ಸಿಗುವ ತನಕ ಎಂದು ಹೇಳಿಕೊಂಡು ಅವರ ಮನೆಯಲ್ಲೇ ಉಳಿದಿದ್ದೆ. ಮಾವನವರ ಹಿರಿಯರು ಬಳ್ಳಾರಿ ಕಡೆಯವರು. ಮನೆಯಲ್ಲಿ ಅವರೊಬ್ಬರದೇ ಪೂರ್ತಿ ಕನ್ನಡ; ಹೆಂಡತಿಯ ಕನ್ನಡ ಎರಡು ವಾಕ್ಯ ನಡೆದು ತೆಲುಗಿಗೆ ಜಾರುತ್ತಿತ್ತು. ಮನೆ ಅಳಿಯನಿಗೆ ಅಲ್ಲಿ ‘ಇಲ್ಲರಿಕಂ ಅಲ್ಲುಡು’ ಎನ್ನುತ್ತಾರೆ. ಇಸ್ತ್ರಿ ಅಂಗಡಿಯವನೂ ನನ್ನ ಅಂಗಿಗಳನ್ನು ಆ ಗುರುತಿನಲ್ಲೇ ಎತ್ತಿಡುತ್ತಿದ್ದ.

ಕೊನೆಗೂ ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಉಪನ್ಯಾಸಕನ ಕೆಲಸ ಸಿಕ್ಕಿತು. ಸೋಮವಾರ ಬೆಳಿಗ್ಗೆ ಹಾಜರಾಗದಿದ್ದರೆ ಮುಂದಿನವರಿಗೆ ಕೊಡುತ್ತೇವೆ ಎಂದಿದ್ದರು. ಭಾನುವಾರ ಮಧ್ಯಾಹ್ನದ ರೈಲಿಗೆ ಟಿಕೆಟ್ಟಾಗಿತ್ತು. ಸಂದರ್ಶನಕ್ಕೆ ಹೋದಾಗ ದಾರಿಯ ಅನಕಾಪಲ್ಲಿಯಲ್ಲಿ ರೈಲು ಡಬ್ಬಿಯೊಳಗೆ ನುಗ್ಗಿದ್ದ ಬೆಲ್ಲದ ವಾಸನೆಯನ್ನೇ ನೆನೆಯುತ್ತಾ ಪೆಟ್ಟಿಗೆ ಕಟ್ಟಿಕೊಂಡಿದ್ದೆ.

ಅದೇ ವಾರ ಸಿಂಗಪುರದಿಂದ ನೆಂಟರ ಕೈಯಲ್ಲಿ ಮಾವನವರ ಡಿಜಿಟಲ್ ಕ್ಯಾಮೆರಾ ಬಂತು. ಇಟ್ಟಿಗೆಯಷ್ಟು ಭಾರ. ಜೊತೆಗೆ ಇಂಗ್ಲಿಷಿನ ದಪ್ಪ ಕೈಪಿಡಿ. ಅದನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ.

“ಅಲ್ಲುಡುಗಾರೂ, ಹೋಗೋಕೆ ಮುಂಚೆ ಇದಕ್ಕೆ ಪ್ರಾಣ ಕೊಟ್ಟು ಹೋಗ್ರಿ,” ಎಂದರು ಮಾವ. ಅಲ್ಲುಡು ಎಂದರೆ ಅಳಿಯ. ಅವರ ಬಾಯಲ್ಲಿ ಆ ಗೌರವದ ‘ಗಾರು’ ಎಂದೂ ತಪ್ಪಿದ್ದಿಲ್ಲ. ಪಂಚಾಂಗ ನೋಡಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಮುಹೂರ್ತ ಇಟ್ಟರು.

ಆ ಬೆಳಿಗ್ಗೆ ಕರೆಂಟು ಹೋಯಿತು. ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದ ಚಿಮಣಿಗಳು ಅಷ್ಟು ಹತ್ತಿರದಲ್ಲಿ ಹೊಗೆ ಬಿಡುತ್ತಿದ್ದರೂ ನಮ್ಮ ಬೀದಿಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ. ಬ್ಯಾಟರಿ ಪೂರ್ತಿ ತುಂಬದೆ ಕ್ಯಾಮೆರಾ ಹಚ್ಚಬಾರದೆಂದು ಕೈಪಿಡಿ ಹೇಳಿತ್ತು. ಮುಹೂರ್ತ ಕಳೆಯಿತು. ಕರೆಂಟು ಬಂದ ಮೇಲೆ, ಕಿಟಕಿಯಿಲ್ಲದ ಸ್ಟುಡಿಯೋದಲ್ಲಿ ಚಾರ್ಜರಿನ ಕೆಂಪು ದೀಪದ ಮುಂದೆ ಕಾದು ಕೂತೆ. ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬಂದಳು.

“ಗಾಜಿಗೆ ಹಚ್ಚಬೇಡ.”

“ಮತ್ತೆಲ್ಲಿ? ನಿಮ್ಮ ಹಣೆಗಾ?” ಎಂದು ಕ್ಯಾಮೆರಾದ ಪಟ್ಟಿಗೆ ಹಚ್ಚಿದಳು. ವೈಜಾಗಿಗೆ ಯಾವಾಗ ಬರುತ್ತೀ ಎಂದು ಕೇಳಿದೆ. “ಮೊದಲು ನೀವು ಹೋಗಿ ತೋರಿಸಿ,” ಎಂದಳು.

ದೀಪ ಆರಿತು. ಬ್ಯಾಟರಿ ಹಾಕಿದೆ. ಕ್ಯಾಮೆರಾ ಮೊದಲು ಕೇಳಿದ್ದೇ ದಿನಾಂಕ ಮತ್ತು ಸಮಯ. ಅಷ್ಟರಲ್ಲಿ ಮಂಗಳಗಿರಿಯ ಹೊಸ ಪಂಚೆ ಉಟ್ಟು ಬಂದ ಮಾವ ತಲೆಯಾಡಿಸಿದರು. “ವರ್ಜ್ಯ ಹತ್ತಿತು, ಆಮೇಲೆ ರಾಹುಕಾಲ. ಇನ್ನು ಸಂಜೆ ತನಕ ಶುಭ ಕೆಲಸ ಮುಟ್ಟಂಗಿಲ್ಲ.”

“ನನ್ನ ರೈಲು, ಮಾವ.”

ಅವರು ಕ್ಯಾಮೆರಾದತ್ತ ಬೆರಳು ತೋರಿಸಿದರು. “ಅದ್ರಾಗೆ ಗಡಿಯಾರ ಐತೆ ಅಂದ್ರಲ್ಲ? ಒಂಬತ್ತೂವರೆ ಅಂತ ಇಡ್ರಿ.”

“ಅದು ಸುಳ್ಳಾಗುತ್ತೆ.”

“ಯಾರಿಗೆ? ಅದು ಈಗಿನ್ನೂ ಕಣ್ಣು ಬಿಡ್ತಾ ಐತೆ. ನಾವು ಹೇಳಿದ್ದೇ ಅದಕ್ಕೆ ಟೈಮು.”

“ಏಮಂಡೀ, ಎಂಎಸ್ಸಿ ಮಾಡಿದೋರಿಗೆ ಗಡಿಯಾರ ಹಿಂದಕ್ಕೆ ತಿರುಗಿಸೋಕೆ ಬರಲ್ವಾ?” ಎಂದಳು ಹೆಂಡತಿ.

ಪಂಚಾಂಗವನ್ನು ನಂಬದ ನಾನು ಕೈಯಾರೆ ಒಂಬತ್ತೂವರೆ ಇಟ್ಟೆ. ಬೇಗ ಮುಗಿದರೆ ಸಾಕೆನಿಸಿತ್ತು, ಅಥವಾ ಹಾಗೆ ಅನಿಸಿತ್ತೆಂದು ಈಗ ಅನಿಸುತ್ತದೆ. ಕ್ಯಾಮೆರಾ ಮಾವನ ಕೈಗಿತ್ತೆ. ಅವರು ಗಿರಾಕಿಗಳ ಕುರ್ಚಿ ಬಿಟ್ಟು ತಮ್ಮ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯನ್ನು ಎಳೆದು ತಂದು ಪರದೆಯ ಮುಂದೆ ಹಾಕಿದರು.

“ಕೂತ್ಕೊಳ್ರಿ. ಹೊಸ ಕ್ಯಾಮೆರಾದ ಮೊದಲ ಫೋಟೋ ಮಾಲೀಕಂದೇ ಆಗ್ಬೇಕು.”

“ಮಾಲೀಕರು ನೀವು.”

“ಅದ್ನ ನೋಡ್ಕೊಳ್ಳೋಣಂತೆ. ಗದ್ದ ಮೇಲಕ್ಕೆ.”

ಕೂತೆ.

ಆಮೇಲಿನದು ಮಸುಕು. ಮಾವನಿಗೆ ಬೆಳಕಿನ ಲೆಕ್ಕ ಹೇಳಿಕೊಟ್ಟದ್ದು, ಇನ್ನೊಂದು ತೆಗೆಯೋಣ ಎಂದದ್ದು, ಕ್ಯಾಮೆರಾದ ಬೆನ್ನಿನ ಪುಟ್ಟ ತೆರೆಯ ಮೇಲೆ ನನ್ನ ಮುಖ ತಕ್ಷಣ ಮೂಡಿದ್ದನ್ನು ಮೂವರೂ ತಲೆ ತಾಗಿಸಿ ನೋಡಿದ್ದು. ಆ ರೈಲಿಗೆ ನಾನು ಹೋಗಲಿಲ್ಲ; ಕೆಲಸ ಮುಂದಿನವರ ಪಾಲಾಯಿತು. ಕರೆಂಟಿನಿಂದಾಗಿ ರೈಲು ತಪ್ಪಿತು ಎಂದು ಎಲ್ಲರಿಗೂ ಹೇಳುತ್ತಾ ಬಂದೆ. ಮಾವ ಬದುಕಿದ್ದಷ್ಟು ದಿನ ಗಿರಾಕಿಗಳ ಮುಂದೆ ಬೇರೆಯೇ ಹೇಳುತ್ತಿದ್ದರು: “ನಮ್ಮ ಅಲ್ಲುಡುಗಾರು ರೈಲು ಬಿಟ್ಟು ಕ್ಯಾಮೆರಾ ಹಿಡಿದರು.” ಹೆಂಡತಿಯನ್ನು ಕೇಳಿದರೆ, “ಇನ್ನೂ ಹೊತ್ತಿತ್ತು. ಇಲ್ಲದಿದ್ದರೂ ವಿಜಯವಾಡದಲ್ಲಿ ರೈಲಿಗೇನು ಬರವಾ? ರಾತ್ರಿಯೆಲ್ಲಾ ವೈಜಾಗ್ ಬಂಡಿಗಳೇ,” ಎನ್ನುತ್ತಾಳೆ.

ಅದು ನಿಜ. ರಾತ್ರಿಯ ರೈಲುಗಳು ನನ್ನ ನೆನಪಿನಲ್ಲೇ ಇಲ್ಲ. ಅವು ಹೊಳೆಯಲೇ ಇಲ್ಲವೋ, ಹೊಳೆದದ್ದನ್ನು ಆಮೇಲೆ ಅಳಿಸಿಕೊಂಡೆನೋ?

ಸಾಕ್ಷಿಗೆ ಉಳಿದದ್ದು ಫೋಟೋ ಒಂದೇ. ಹಿಂದೆ ಬಣ್ಣ ಬಳಿದ ಸಮುದ್ರ, ಎರಡು ತೆಂಗಿನ ಮರ. ಬೆಳಕೆಲ್ಲ ದೀಪಗಳದ್ದು, ಅದರಲ್ಲಿ ಹೊತ್ತು ತಿಳಿಯುವುದಿಲ್ಲ. ಎಡಗೈಗೆ ವಾಚಿತ್ತು, ಅದನ್ನು ದೊಡ್ಡದು ಮಾಡಿ ಓದೋಣವೆಂದು ಎಷ್ಟೋ ಸಲ ಹೋಗಿದ್ದೇನೆ. ಆದರೆ ಬಲಗೈ ಅದರ ಮೇಲಿದೆ. ಕೂತವರಿಗೆಲ್ಲ ಮಾವ ಕೈ ಮೇಲೆ ಕೈ ಇಡಲು ಹೇಳುತ್ತಿದ್ದರು. ನನಗೂ ಹೇಳಿದ್ದಿರಬೇಕು. ಮುಖದಲ್ಲಿ ಅವಸರವೇನೂ ಕಾಣುವುದಿಲ್ಲ.