ಚಿಲಕವಿಲ್ಲದ ಬಚ್ಚಲು

ಚಾಮರಾಜಪುರಂನ ನಮ್ಮ ಮನೆಯ ಬಚ್ಚಲಿಗೆ ಎರಡು ವರ್ಷ ಒಳಚಿಲಕ ಇರಲಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡುತ್ತಿದ್ದಾಗ ಎದೆ ಇದ್ದಕ್ಕಿದ್ದಂತೆ ಓಡತೊಡಗಿ, ಕಣ್ಣು ಕತ್ತಲಿಟ್ಟು ಬಿದ್ದುಬಿಟ್ಟೆ. ಯಜಮಾನರು ಬಾಗಿಲು ಒದ್ದು ಒಳಗೆ ಬಂದರು, ಚಿಲಕ ಕಿತ್ತುಹೋಯಿತು. ಮತ್ತೆ ಹಾಕಿಸುವುದು ಬೇಡವೆಂದು ಅವರೂ ಅತ್ತೆಯೂ ತೀರ್ಮಾನಿಸಿದರು. ನನ್ನನ್ನು ಯಾರೂ ಕೇಳಲಿಲ್ಲ.

ನನ್ನ ಹೃದಯದಲ್ಲಿ ಹುಟ್ಟಿನಿಂದಲೇ ಮಿಡಿತದ ವಿದ್ಯುತ್ತು ಹರಿಯುವ ಒಂದು ಹೆಚ್ಚಿನ ದಾರಿ ಇದೆಯಂತೆ. ಮಿಡಿತ ಒಮ್ಮೊಮ್ಮೆ ಅದಕ್ಕೆ ಸಿಕ್ಕಿಕೊಂಡು ಸುತ್ತತೊಡಗುತ್ತದೆ ಎಂದರು ಡಾಕ್ಟರು. ಮಾತ್ರೆ ಕೊಟ್ಟರು, ಗಾಡಿ ಓಡಿಸಬೇಡಿ ಎಂದರು. ಶ್ರೀರಾಂಪುರದ ಶಾಲೆಗೆ ಸ್ಕೂಟರಿನಲ್ಲಿ ಹೋಗಿ ಪಾಠ ಮಾಡಿ ಬರುತ್ತಿದ್ದವಳು, ಯಜಮಾನರ ಹಿಂದೆ ಬ್ಯಾಗು ತಬ್ಬಿಕೊಂಡು ಕೂರುವಂತಾಯಿತು. ಅದನ್ನಾದರೂ ಸಹಿಸಿದೆ. ಬಚ್ಚಲನ್ನು ಸಹಿಸಲಾಗಲಿಲ್ಲ.

ನಾನು ಸ್ನಾನಕ್ಕೆ ಹೋದ ಕೂಡಲೇ ಅತ್ತೆ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸಲು ಕೂರುತ್ತಿದ್ದರು. ನಾನು ಬಿದ್ದಿಲ್ಲವೆಂದು ತಿಳಿಯಲು ನನ್ನ ದನಿ ಅವರಿಗೆ ಕೇಳುತ್ತಲೇ ಇರಬೇಕು. ಏನು ಮಾತಾಡಲಿ? ಮೂರನೇ ಕ್ಲಾಸಿನ ಮೇಡಂ ನಾನು, ಮಗ್ಗಿ ಹೇಳುತ್ತಿದ್ದೆ. ಸೋಪು ಹಚ್ಚುವಾಗ ಹನ್ನೆರಡರದ್ದು, ತಲೆಗೆ ನೀರು ಹಾಕಿಕೊಳ್ಳುವಾಗ ಹದಿನೈದರದ್ದು. ಎಲ್ಲಾದರೂ ತಡವರಿಸಿದರೆ ಕುರ್ಚಿ ಸರಿದ ಸದ್ದಾಗುತ್ತಿತ್ತು. ನಲವತ್ತೆರಡರ ಹೆಂಗಸಿಗೆ ಅಳುವುದಕ್ಕೂ ಮನೆಯಲ್ಲಿ ಒಂದು ಮೂಲೆ ಇರಲಿಲ್ಲ.

ಒಂದು ಭಾನುವಾರ ಹಟ ಬಂತು. ಹದಿನೇಳರ ಮಗ್ಗಿ ಅರ್ಧಕ್ಕೆ ನಿಲ್ಲಿಸಿ ಸುಮ್ಮನೆ ನಿಂತೆ. ಆ ಅರೆಗಳಿಗೆಯ ಮೌನ ಎಷ್ಟು ರುಚಿಯಾಗಿತ್ತೆಂದರೆ, ಬಾಗಿಲು ತೆರೆದದ್ದೇ ಗೊತ್ತಾಗಲಿಲ್ಲ. ಅತ್ತೆ ಎದುರಿಗೇ ನಿಂತಿದ್ದರು, ನನ್ನ ಮೈಮೇಲೆ ಬಟ್ಟೆ ಇರಲಿಲ್ಲ. ಬಾಯಿಗೆ ಬಂದಂತೆ ಬೈದುಬಿಟ್ಟೆ.

ಅವರು ಮುಖ ತಿರುಗಿಸಿಕೊಂಡು, "ನಿನ್ನ ಮಾನಕ್ಕಿಂತ ಜೀವ ದೊಡ್ಡದು ಕಣಮ್ಮ. ನೀನು ಬಿದ್ದಿದ್ದು ನೋಡ್ದಾಗಿಂದ ನಂಗೆ ನಿದ್ದೆ ಸರಿಯಾಗಿ ಬಂದಿಲ್ಲ" ಎಂದರು. ಕೈಯಲ್ಲಿ ದಂಟಿನ ಸೊಪ್ಪು ಹಾಗೇ ಇತ್ತು. ಅವರು ಕೆಟ್ಟವರಾಗಿದ್ದರೆ ಜಗಳ ಮಾಡಿ ಗೆಲ್ಲಬಹುದಿತ್ತು. ಇಷ್ಟು ಪ್ರೀತಿ ಇಟ್ಟವರಿಂದ ಬಿಡಿಸಿಕೊಳ್ಳುವುದು ಹೇಗೆ ಅಂತ ನನಗೆ ತಿಳಿಯಲಿಲ್ಲ.

ಮಾತ್ರೆ ನುಂಗಿದರೂ ಎದೆ ಆಗಾಗ ಓಡುತ್ತಲೇ ಇತ್ತು. ತೊಡೆಯ ರಕ್ತನಾಳದಿಂದ ತಂತಿ ಕಳಿಸಿ ಆ ಹೆಚ್ಚಿನ ದಾರಿಯನ್ನು ಸುಟ್ಟುಬಿಡಬಹುದು ಎಂದು ಡಾಕ್ಟರು ಹೇಳಿದಾಗ ಯಜಮಾನರು ಹೆದರಿದರು. ನಾನು ಅಲ್ಲೇ ಒಪ್ಪಿಕೊಂಡೆ. ಎಷ್ಟು ಧೈರ್ಯ ಎಂದು ಎಲ್ಲರೂ ಹೊಗಳಿದರು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ನನಗೆ ಒಂದು ಚಿಲಕ ಬೇಕಾಗಿತ್ತು, ಅಷ್ಟೇ.

ಆಸ್ಪತ್ರೆಯ ಮೇಜಿನ ಮೇಲೆ ಎಚ್ಚರವಾಗಿಯೇ ಮಲಗಿದ್ದೆ. ದಾರಿ ಎಲ್ಲಿದೆಯೆಂದು ಹುಡುಕಲು ಬೇಕೆಂದೇ ಎದೆಯನ್ನು ಓಡಿಸಿದರು. ಎದ್ದು ಓಡಿಹೋಗೋಣ ಅನ್ನಿಸಿತು, ಕಾಲು ಅಲ್ಲಾಡಿಸುವಂತಿರಲಿಲ್ಲ. ಆಮೇಲೆ ಎದೆಯೊಳಗೆ ಬಿಸಿ ತಾಗಿದಂತಾಗಿ, ಓಟ ತಟ್ಟನೆ ನಿಂತಿತು.

ಮೂರು ತಿಂಗಳಾದ ಮೇಲೆ ಡಾಕ್ಟರು ಮಾತ್ರೆ ನಿಲ್ಲಿಸಿದರು. ನೀವಿನ್ನು ಎಲ್ಲರಂತೆ, ಒಂದೊಂದು ಸಲ ಮಿಡಿತ ಎಡವಿದಂತಾದರೆ ಅದು ಎಲ್ಲರಿಗೂ ಆಗುವುದೇ ಎಂದರು. ಮಾರನೇ ದಿನವೇ ಬಡಗಿಯನ್ನು ಕರೆಸಿ, ಪಕ್ಕದಲ್ಲಿ ನಿಂತು ಹಿತ್ತಾಳೆ ಚಿಲಕ ಹಾಕಿಸಿದೆ. ಅತ್ತೆ ಕುರ್ಚಿಯನ್ನು ಹಿತ್ತಿಲಿಗೆ ಸಾಗಿಸಿದರು.

ಒಳಗೆ ಹೋಗಿ ಚಿಲಕ ಹಾಕಿಕೊಂಡೆ. ನೀರು ಸುರಿದುಕೊಳ್ಳಲಿಲ್ಲ, ಬಾಯಿ ತೆರೆಯಲಿಲ್ಲ, ನಿಂತೇ ಇದ್ದೆ. ಎದೆ ಒಂದು ಬಡಿತ ತಪ್ಪಿ ಮತ್ತೆ ಸರಿಯಾಯಿತು. ಇದು ಎಲ್ಲರಿಗೂ ಆಗುವುದೇ ಎಂದು ಗೊತ್ತಿತ್ತು. ಆದರೂ ಇನ್ನೊಂದು ತಪ್ಪುತ್ತದೇನೋ ಎಂದು ಬಡಿತ ಎಣಿಸತೊಡಗಿದೆ.

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಚಿಲಕ ಸರಿಯಾಗಿ ಬೀಳುತ್ತೇನಮ್ಮ?"

"ಬೀಳುತ್ತೆ ಅತ್ತೆ, ಹಾಕ್ಕೊಂಡಿದೀನಿ" ಎಂದೆ. ಹಾಗೆನ್ನುತ್ತಲೇ, ಸದ್ದಾಗದಂತೆ ಅದನ್ನು ಹಿಂದಕ್ಕೆ ಸರಿಸಿದೆ.